ಡೈನೋ ಮೇಲೆ ಟೈರ್ ಸಿಡಿಯುವ ಅಪಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿನ ಪವರ್ ಅಳೆಸಲು ಡೈನೋಗೆ, ಅಂದರೆ ಚಕ್ರವನ್ನು ರೋಲರ್ ಮೇಲೆ ಓಡಿಸಿ ಪವರ್ ಅಳೆಯುವ ಯಂತ್ರಕ್ಕೆ, ಬರುವವರು ಎಂಜಿನ್ ಆಯಿಲ್ ಬದಲಿಸಿರುತ್ತಾರೆ, ಪ್ಲಗ್ ಬದಲಿಸಿರುತ್ತಾರೆ, ಒಳ್ಳೆ ಪೆಟ್ರೋಲ್ ತುಂಬಿಸಿರುತ್ತಾರೆ. ಟೈರ್ ಕಡೆ ಮಾತ್ರ ತಿರುಗಿಯೂ ನೋಡಿರುವುದಿಲ್ಲ. ಆದರೆ ರೋಲರ್ ಮೇಲೆ ಮನುಷ್ಯರಿಗೆ ಪೆಟ್ಟಾಗುವ ಸಾಧ್ಯತೆ ಇರುವುದು ಮುಖ್ಯವಾಗಿ ಟೈರಿನಿಂದ ಮತ್ತು ಕಾರನ್ನು ಕಟ್ಟಿದ ರೀತಿಯಿಂದ. ಜನ ಎದುರು ಸಿಕ್ಕಾಗ, ಪತ್ರದಲ್ಲಿ, ಕಾಮೆಂಟಿನಲ್ಲಿ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಹಾಕಿದ್ದೇನೆ. ಯಾವುದನ್ನು ಬೇಕಾದರೂ ಮೊದಲು ಓದಬಹುದು.

## ಶುರುವಿನ ಪ್ರಶ್ನೆಗಳು

ಡೈನೋದಲ್ಲಿ ಕಾರು ನಿಂತ ಜಾಗದಲ್ಲೇ ಇರತ್ತೆ ತಾನೆ? ಟೈರ್ ಯಾಕೆ ಸಿಡಿಯಬೇಕು?

ಕಾರು ನಿಂತಿರುತ್ತದೆ, ಚಕ್ರ ನಿಂತಿರುವುದಿಲ್ಲ. ನೆಲದಲ್ಲಿ ಹೂತಿಟ್ಟ ಕಬ್ಬಿಣದ ರೋಲರ್ ಮೇಲೆ ಎಂಜಿನ್ ತಿರುಗಿಸುವ ಚಕ್ರಗಳನ್ನು ಇಟ್ಟು, ಬಾಡಿಯನ್ನು ಬೆಲ್ಟಿನಿಂದ ನೆಲಕ್ಕೆ ಬಿಗಿದು, ಆಕ್ಸಿಲರೇಟರ್ ಪೂರ್ತಿ ಒತ್ತುತ್ತಾರೆ. ಈ ಒಂದು ಓಟಕ್ಕೆ ಪುಲ್ ಅಂತಾರೆ. ಟೈರಿನ ಮಟ್ಟಿಗೆ ಅದು ಗಂಟೆಗೆ 180, 200 ಕಿ.ಮೀ. ವೇಗದ ಓಟವೇ. ಕಾರು ಮುಂದೆ ಹೋಗದ ಕಾರಣ ನೋಡುವವರಿಗೆ ಆ ವೇಗ ಕಾಣಿಸುವುದಿಲ್ಲ. ಹಾಗಾಗಿ ಜನ ಹತ್ತಿರ ಹೋಗಿ ನಿಲ್ಲುತ್ತಾರೆ, ಅದೇ ತೊಂದರೆ.

ಹೈವೇಲಿ 140ರಲ್ಲಿ ಗಂಟೆಗಟ್ಟಲೆ ಹೋಗಿದೀನಿ, ಏನೂ ಆಗಿಲ್ಲ. ಡೈನೋದಲ್ಲಿ ಏನು ಅಂಥ ವ್ಯತ್ಯಾಸ?

ಮೂರು ವ್ಯತ್ಯಾಸ ಇದೆ. ರಸ್ತೆ ಚಪ್ಪಟೆ, ರೋಲರ್ ಗುಂಡಗೆ. ಗುಂಡಗಿನ ಮೇಲೆ ಟೈರ್ ಕೂತಾಗ ಒತ್ತುವ ಜಾಗ ಚಿಕ್ಕದಾಗುತ್ತದೆ, ರಬ್ಬರ್ ಜಾಸ್ತಿ ಒಳಗೆ ಬಾಗುತ್ತದೆ. ಚಕ್ರ ಸುತ್ತಿದಷ್ಟು ಸಲ ಹೀಗೆ ಬಾಗಿ ಬಿಡಿಸಿಕೊಳ್ಳುವುದರಿಂದಲೇ ಟೈರ್ ಒಳಗೆ ಬಿಸಿ ಹುಟ್ಟುವುದು. ಎರಡನೆಯದು, ರಸ್ತೆಯಲ್ಲಿ ಎದುರುಗಾಳಿ ಟೈರನ್ನು ತಣ್ಣಗಿಡುತ್ತದೆ. ಇಲ್ಲಿ ದೊಡ್ಡ ಫ್ಯಾನ್ ಇದ್ದರೂ ಅದರ ಗಾಳಿ ಹೋಗುವುದು ರೇಡಿಯೇಟರ್‌ಗೆ. ಮೂರನೆಯದು ಬೆಲ್ಟ್. ಅದು ಕಾರನ್ನು ಕೆಳಕ್ಕೆ ಎಳೆಯುವುದರಿಂದ ಕಾರಿನ ತೂಕಕ್ಕಿಂತ ಜಾಸ್ತಿ ಭಾರ ಟೈರ್ ಮೇಲೆ ಬೀಳುತ್ತದೆ. ಇದರ ಜೊತೆಗೆ ನೀವು ಹೈವೇಯಲ್ಲಿ ಹೋಗಿದ್ದು 140ರಲ್ಲಿ, ಡೈನೋ ಅದನ್ನು ಎಷ್ಟೋ ಸಲ ದಾಟುತ್ತದೆ.

ನಂದು ಬರೀ 100 ಹಾರ್ಸ್‌ಪವರ್ ಹ್ಯಾಚ್‌ಬ್ಯಾಕ್. ಇದೆಲ್ಲಾ ದೊಡ್ಡ ಕಾರಿನವರ ತಲೆನೋವು ಅಲ್ವಾ?

ಅಲ್ಲ. ನಾನು ಎಲ್ಲರಿಗೂ ಮೊದಲು ಹೇಳುವ ಮಾತೇ ಇದು: ಟೈರಿಗೆ ಹಾರ್ಸ್‌ಪವರ್ ಲೆಕ್ಕಕ್ಕಿಲ್ಲ, ವೇಗ ಮತ್ತು ಬಿಸಿ ಲೆಕ್ಕಕ್ಕೆ ಬರುತ್ತದೆ. ಪುಲ್ ಶುರು ಮಾಡುವ ಮುಂಚೆ ರೋಲರ್ ಎಷ್ಟು ವೇಗ ಮುಟ್ಟುತ್ತದೆ ಅಂತ ಕಾಗದದ ಮೇಲೆ ಲೆಕ್ಕ ಹಾಕಿ.

195/55 ಆರ್16 ಟೈರ್ ತಗೊಳ್ಳೋಣ. ಅದರ ಸುತ್ತಳತೆ ಸುಮಾರು 1.95 ಮೀಟರ್. ಫೈನಲ್ ಡ್ರೈವ್ (ಗೇರ್‌ಬಾಕ್ಸ್ ಆದ ಮೇಲೆ ಚಕ್ರಕ್ಕೆ ಹೋಗುವ ಕೊನೆಯ ಗೇರಿನ ಅನುಪಾತ) 4.1 ಇದೆ, ನಾಲ್ಕನೇ ಗೇರ್ 1:1 ಇದೆ, ಎಂಜಿನ್ 6500 ಆರ್‌ಪಿಎಂ ತನಕ ಹೋಗುತ್ತದೆ ಅಂದುಕೊಳ್ಳಿ. 6500ನ್ನು 4.1ರಿಂದ ಭಾಗಿಸಿದರೆ ಚಕ್ರ ನಿಮಿಷಕ್ಕೆ 1585 ಸುತ್ತು. ಅದನ್ನು 1.95ರಿಂದ ಗುಣಿಸಿ ಗಂಟೆಗೆ ತಂದರೆ ಸುಮಾರು 185 ಕಿ.ಮೀ. ಅದೇ ಕಾರನ್ನು 0.8 ಅನುಪಾತದ ಐದನೇ ಗೇರಿನಲ್ಲಿ ಎಳೆದರೆ 232 ಆಗುತ್ತದೆ. ರಸ್ತೆಯಲ್ಲಿ ಗಾಳಿಯ ತಡೆ ಇರುವುದರಿಂದ ಆ ಸಣ್ಣ ಕಾರು ಈ ವೇಗ ಮುಟ್ಟುವುದೇ ಇಲ್ಲ. ಬರೀ ರೋಲರಿನ ಜಡತ್ವದ ಎದುರು ಓಡಿಸುವ ಡೈನೋದಲ್ಲಿ ಆ ತಡೆ ಇಲ್ಲ, ಆರಾಮಾಗಿ ಮುಟ್ಟಿಬಿಡುತ್ತದೆ.

ಸಿಡಿದ್ರೆ ನಿಜವಾಗ್ಲೂ ಏನಾಗತ್ತೆ? ಡಬ್ ಅಂತ ಸೌಂಡ್ ಬಂದು ಗಾಳಿ ಹೋಗತ್ತೆ, ಅಷ್ಟೇ ಅಲ್ವಾ?

ಗಾಳಿ ಹೋಗುವುದು ಅದರಲ್ಲಿ ಚಿಕ್ಕ ಭಾಗ. ಹೆಚ್ಚಾಗಿ ಮೊದಲು ಕಿತ್ತುಬರುವುದು ಟ್ರೆಡ್, ಅಂದರೆ ನೆಲ ಮುಟ್ಟುವ ಪಟ್ಟಿ. ಅದು ಒಳಗಿನ ಸ್ಟೀಲ್ ಬೆಲ್ಟ್ ಸಮೇತ ಒಂದು ತುದಿಯಲ್ಲಿ ಬಿಟ್ಟುಕೊಳ್ಳುತ್ತದೆ, ಇನ್ನೊಂದು ತುದಿ ಅಂಟಿಕೊಂಡೇ ಇರುತ್ತದೆ. ಮೇಲಿನ ಲೆಕ್ಕದಲ್ಲಿ ಚಕ್ರ ಸೆಕೆಂಡಿಗೆ 26 ಸುತ್ತು ತಿರುಗುತ್ತಿತ್ತು. ಅಂದರೆ ಆ ಪಟ್ಟಿ ಒಂದು ಸೆಕೆಂಡಿನಲ್ಲಿ 26 ಸಲ ಮಡ್‌ಗಾರ್ಡ್ ಒಳಗೆ ಬಾರಿಸುತ್ತದೆ. ಪ್ಲಾಸ್ಟಿಕ್ ಲೈನರ್ ಚೂರಾಗುತ್ತದೆ, ಬ್ರೇಕ್ ಹೋಸ್ ಹರಿಯಬಹುದು, ಎಬಿಎಸ್ ವೈರ್ ಕಿತ್ತುಬರಬಹುದು, ಫೆಂಡರ್ ಒಳಗಿಂದ ಹೊರಕ್ಕೆ ಉಬ್ಬುತ್ತದೆ. ಆಮೇಲೆ ಆ ಮೂಲೆ ಕುಸಿದು ಬರೀ ರಿಮ್ ರೋಲರ್ ಮೇಲೆ ಕೂರುತ್ತದೆ, ಕಾರು ಒಂದು ಪಕ್ಕಕ್ಕೆ ಎಗರುತ್ತದೆ. ಬೆಲ್ಟ್ ಸರಿಯಾಗಿ ಕಟ್ಟಿರದಿದ್ದರೆ ಕಾರು ರೋಲರ್‌ನಿಂದ ಇಳಿದೇ ಬಿಡಬಹುದು.

ಎಆರ್‌ಎಐ ಮೈಲೇಜ್ ಟೆಸ್ಟೂ ಡೈನೋ ಮೇಲೇ ಅಲ್ವಾ? ಅಲ್ಲೂ ಇದೇ ಭಯ ಇರತ್ತಾ?

ಪುಣೆಯ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐನಂಥ ಕಡೆ ಮೈಲೇಜ್ ಮತ್ತು ಹೊಗೆ ಅಳೆಯುವುದೂ ರೋಲರ್ ಮೇಲೆಯೇ. ಆದರೆ ಭಾರತದ ಎಂಐಡಿಸಿ ಪರೀಕ್ಷೆಯಲ್ಲಿ ಅತಿ ಹೆಚ್ಚಿನ ವೇಗ 90 ಕಿ.ಮೀ. ಯುರೋಪಿನಂಥ ಕಡೆ ಬಳಸುವ ಡಬ್ಲ್ಯುಎಲ್‌ಟಿಪಿ ಕ್ರಮದಲ್ಲೂ 131 ಚಿಲ್ಲರೆ. ಒಳ್ಳೆ ಸ್ಥಿತಿಯ ಟೈರಿಗೆ ಅದು ಏನೂ ಅಲ್ಲ. ಪವರ್ ಪುಲ್ ಬೇರೆಯೇ ವಿಷಯ.

## ಟೈರ್ ಬಗ್ಗೆ

ಟೈರ್ ಮೇಲೆ 87 ಎಚ್ ಅಂತ ಇದೆ. ಅದರಲ್ಲಿ ನಾನು ಏನು ನೋಡ್ಬೇಕು?

87 ಅಂದರೆ ಒಂದು ಟೈರ್ ಹೊರಬಹುದಾದ ಭಾರ, 545 ಕೆಜಿ. ಎಚ್ ಅಂದರೆ ವೇಗದ ಮಿತಿ, 210 ಕಿ.ಮೀ. ಉಳಿದವು ಹೀಗಿವೆ: ಕ್ಯೂ 160, ಎಸ್ 180, ಟಿ 190, ವಿ 240, ಡಬ್ಲ್ಯು 270, ವೈ 300. ನಮ್ಮಲ್ಲಿ ಸಣ್ಣ ಕಾರುಗಳಿಗೆ ಟಿ ಸಾಮಾನ್ಯ. ಮೇಲೆ ಹೇಳಿದ 232 ಕಿ.ಮೀ. ಲೆಕ್ಕಕ್ಕೆ ಟಿ ಸಾಲದು, ಎಚ್ ಕೂಡ ಸಾಲದು. ಈ ಮಿತಿ ಹೊಸ ಟೈರಿಗೆ, ಸರಿಯಾದ ಗಾಳಿ ಇದ್ದಾಗ. ಡೈನೋಗೆ ಅದರಲ್ಲಿ 30 ಕಿ.ಮೀ. ಕಳೆದು ಉಳಿದದ್ದೇ ಮಿತಿ ಅಂತ ನಾನು ಇಟ್ಟುಕೊಂಡಿದ್ದೇನೆ. ಇದು ನನ್ನ ಸ್ವಂತ ಕಟ್ಟುಪಾಡು, ಯಾರ ಕಾನೂನೂ ಅಲ್ಲ.

ಟ್ರೆಡ್ ಫುಲ್ ಇದೆ, ಆದ್ರೆ ಟೈರ್ ಎಂಟು ವರ್ಷ ಹಳೇದು. ನಡೆಯತ್ತಾ?

ನಡೆಯಲ್ಲ. ಟ್ರೆಡ್ ಸವೆದಿಲ್ಲ ಅಂದರೆ ಕಾರು ಜಾಸ್ತಿ ಓಡಿಲ್ಲ ಅಂತ ಅಷ್ಟೇ. ರಬ್ಬರ್ ಮಾತ್ರ ಕಾರು ಓಡದಿದ್ದರೂ ಒಣಗುತ್ತದೆ, ಟೈರಿನೊಳಗಿನ ಸ್ಟೀಲ್ ಬೆಲ್ಟಿಗೂ ರಬ್ಬರಿಗೂ ಇರುವ ಅಂಟು ಒಳಗೊಳಗೇ ಸಡಿಲವಾಗುತ್ತದೆ. ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಮೇಲೆ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2317 ಅಂತ ಇದ್ದರೆ 2017ನೇ ಇಸವಿಯ 23ನೇ ವಾರ. ಒಂದು ಪಕ್ಕದಲ್ಲಿ ಅಂಕಿ ಕಾಣದಿದ್ದರೆ ಒಳಪಕ್ಕದಲ್ಲಿ ಇರುತ್ತದೆ, ಬಗ್ಗಿ ಟಾರ್ಚ್ ಹಿಡಿದು ಓದಿ. ಆರು ವರ್ಷ ದಾಟಿದ ಟೈರನ್ನು ನಾನು ಪುಲ್‌ಗೆ ಹತ್ತಿಸುವುದಿಲ್ಲ. ಮನೆ ಮುಂದೆ ಬಿಸಿಲಲ್ಲೇ ನಿಲ್ಲುವ ಕಾರಾದರೆ ಇನ್ನೂ ಬೇಗ ಬೇಡ ಅನ್ನುತ್ತೇನೆ.

ಸೈಡಲ್ಲಿ ಸಣ್ಣ ಉಬ್ಬು ಇದೆ, ತುಂಬಾ ದಿನದಿಂದ ಹಾಗೇ ಓಡಿಸ್ತಿದೀನಿ. ಒಂದೇ ಒಂದು ಪುಲ್?

ಒಂದೂ ಬೇಡ. ಗುಂಡಿಗೆ ಜೋರಾಗಿ ಬಿದ್ದಾಗ ರಿಮ್ಮಿಗೂ ಗುಂಡಿಯ ಅಂಚಿಗೂ ಮಧ್ಯೆ ಟೈರ್ ಸಿಕ್ಕಿಕೊಂಡು ಸೈಡ್‌ವಾಲ್ ಒಳಗಿನ ದಾರಗಳು ತುಂಡಾಗುತ್ತವೆ. ಆ ಜಾಗದಲ್ಲಿ ಗಾಳಿಯನ್ನು ತಡೆಯುತ್ತಿರುವುದು ಬರೀ ರಬ್ಬರ್. ಬೆಂಗಳೂರಿನ ಕಾರುಗಳಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ, ಟೈರ್ ನೋಡುವಾಗ ನಾನು ಮೊದಲು ಹುಡುಕುವುದೇ ಇದನ್ನು.

ತುಂಬಾ ಸಲ ಉಬ್ಬು ಒಳಪಕ್ಕದಲ್ಲಿ ಇರುತ್ತದೆ, ಹೊರಗಿಂದ ಕಾಣುವುದೇ ಇಲ್ಲ. ಒಮ್ಮೆ ತೊಳೆದು ಹೊಳಪು ಹಾಕಿ ತಂದಿದ್ದ ಸೆಡಾನ್. ಹೊರಗಿನಿಂದ ನಾಲ್ಕೂ ಟೈರ್ ಹೊಸದರ ಹಾಗೆ. ಲಿಫ್ಟ್ ಮೇಲೆ ಎತ್ತಿ ಎಡ ಮುಂದಿನ ಚಕ್ರದ ಒಳಗೆ ಕೈ ಹಾಕಿ ಸೈಡ್‌ವಾಲ್ ಮೇಲೆ ಅಂಗೈ ಸವರುತ್ತಾ ನಿಧಾನಕ್ಕೆ ಚಕ್ರ ತಿರುಗಿಸಿದಾಗ, ಒಂದು ಕಡೆ ಅರ್ಧ ನಿಂಬೆಹಣ್ಣಿನಷ್ಟು ಉಬ್ಬು ಅಂಗೈಗೆ ತಾಗಿತು. ಟಾರ್ಚ್ ಬಿಟ್ಟರೆ ಅದರ ಬುಡದಲ್ಲಿ ಕೂದಲೆಳೆಯಂಥ ಸೀಳು, ಸೀಳಿನೊಳಗೆ ಬಿಳಿ ದಾರದ ಎಳೆಗಳು. ಮಾಲೀಕರಿಗೆ ತೋರಿಸಿದೆ, ಅವರು ಅಲ್ಲೇ ಕೂತು ಹೊಸ ಟೈರ್ ತರಿಸಿದರು. ನೀವೂ ಹೀಗೇ ಮಾಡಿ. ಕಣ್ಣಿಗಿಂತ ಅಂಗೈಗೆ ಬೇಗ ಗೊತ್ತಾಗುತ್ತದೆ. ಕೈ ಹಾಕುವಾಗ ಎಂಜಿನ್ ಆಫ್ ಆಗಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ.

ಪಂಚರ್ ಹಾಕ್ಸಿರೋ ಟೈರ್ ಪರ್ವಾಗಿಲ್ವಾ?

ದಾರಿಬದಿ ಪಂಚರ್ ಅಂಗಡಿಯಲ್ಲಿ ಹೊರಗಿಂದ ಚುಚ್ಚಿ ತೂರಿಸುವ ಅಂಟುಪಟ್ಟಿ ಊರೊಳಗೆ ಓಡಾಡಲು ಸರಿ. ಹೆಚ್ಚು ವೇಗಕ್ಕೆ ಅದರ ಮೇಲೆ ನಂಬಿಕೆ ಇಡಬೇಡಿ. ಮೊಳೆ ಚುಚ್ಚಿದ ತೂತಿನಿಂದ ನೀರು ಒಳಗೆ ಹೋಗಿ ಸ್ಟೀಲ್ ಬೆಲ್ಟ್ ತುಕ್ಕು ಹಿಡಿದಿದೆಯೋ ಇಲ್ಲವೋ ಹೊರಗಿಂದ ಹೇಳಲು ಆಗುವುದಿಲ್ಲ. ಟೈರ್ ಬಿಚ್ಚಿ ಒಳಗಿನಿಂದ ಪ್ಯಾಚ್ ಹಾಕಿದ್ದರೂ, ಟ್ರೆಡ್ ಪಕ್ಕಕ್ಕೆ ತಿರುಗುವ ಭುಜದ ಹತ್ತಿರ ಅಥವಾ ಸೈಡ್‌ವಾಲಿನಲ್ಲಿ ಪಂಚರ್ ಆಗಿದ್ದರೆ ಬೇಡವೇ ಬೇಡ. ಒಳಗೆ ಸೀಲಂಟ್ ದ್ರಾವಣ ಸುರಿದ ಟೈರೂ ಬೇಡ. ಅದು ಒಂದೇ ಕಡೆ ಸೇರಿಕೊಂಡು ಬ್ಯಾಲೆನ್ಸ್ ಕೆಡಿಸುತ್ತದೆ.

ರೀಟ್ರೆಡ್ ಟೈರ್? ಇಲ್ಲಾ ಒಂದು ಚಕ್ರಕ್ಕೆ ಸ್ಟೆಪ್ನಿ ಹಾಕ್ಕೊಂಡು ಬರಲಾ?

ಎರಡೂ ಬೇಡ. ಸಣ್ಣ ಸ್ಟೆಪ್ನಿ ಮೇಲೆ 80 ಕಿ.ಮೀ. ಅಂತ ಸ್ಟಿಕರ್ ಅಂಟಿಸಿರುತ್ತಾರೆ, ಅದಕ್ಕೇ ಅದು ಇರುವುದು.

ಥಾರ್‌ಗೆ ಮಡ್ ಟೆರೇನ್ ಹಾಕಿದೀನಿ. ಅದು ಗಟ್ಟಿ ಟೈರ್ ಅಲ್ವಾ, ಡೈನೋಗೆ ಇನ್ನೂ ಒಳ್ಳೇದಲ್ವಾ?

ಕಲ್ಲಿಗೆ ಗಟ್ಟಿ, ವೇಗಕ್ಕಲ್ಲ. ಕೆಸರು ದಾರಿಗೆ ಮಾಡಿದ ಈ ಟೈರುಗಳಲ್ಲಿ ತುಂಬಾ ಮಾದರಿಗಳು ಕ್ಯೂ ದರ್ಜೆ, ಅಂದರೆ 160 ಕಿ.ಮೀ. ಟ್ರೆಡ್ಡಿನ ರಬ್ಬರ್ ಗಟ್ಟಿಗಳು (ಬ್ಲಾಕ್) ಎತ್ತರ ಮತ್ತು ಭಾರ, ಒಂದೊಂದೂ ಬೇರೆ ಬೇರೆ ನಿಂತಿರುತ್ತವೆ. ತಿರುಗುವಾಗ ಹೊರಕ್ಕೆ ಎಳೆಯುವ ಬಲ ಪ್ರತಿ ಗಟ್ಟಿಯ ಬುಡದಲ್ಲಿ ಕೂರುತ್ತದೆ. ಹಿಂದೆ ಹೇಳಿದ 195/55 ಟೈರನ್ನೇ ತಗೊಂಡರೂ 185 ಕಿ.ಮೀ. ವೇಗದಲ್ಲಿ 10 ಗ್ರಾಂ ರಬ್ಬರ್ ತುಂಡನ್ನು ಸುಮಾರು 8.7 ಕೆಜಿ ತೂಕದಷ್ಟು ಬಲ ಹೊರಕ್ಕೆ ಎಳೆಯುತ್ತದೆ. 232ರಲ್ಲಿ ಅದು 13.7 ಕೆಜಿ. ವೇಗ ಕಾಲು ಭಾಗ ಏರಿದರೆ ಎಳೆತ ಅರ್ಧಕ್ಕಿಂತ ಜಾಸ್ತಿ ಏರಿತು, ಗಮನಿಸಿ. ಥಾರ್ ಡೈನೋ ಮಾಡಿಸಬೇಕೆಂದರೆ ಕಂಪನಿಯ ರಸ್ತೆ ಟೈರ್ ಹಾಕಿಕೊಂಡು ಬನ್ನಿ. ಟ್ರೆಡ್ ಸಂದಿಯ ಕಲ್ಲುಗಳನ್ನು ಸ್ಕ್ರೂಡ್ರೈವರ್‌ನಿಂದ ಒಂದೊಂದಾಗಿ ತೆಗೆಯುವುದು ಎಲ್ಲ ಕಾರಿಗೂ ಕಡ್ಡಾಯ.

ಗಾಳಿ ಎಷ್ಟಿರಬೇಕು? ಕಮ್ಮಿ ಇದ್ರೆ ಗ್ರಿಪ್ ಜಾಸ್ತಿ ಅಂತಾರಲ್ಲ.

ಗಾಳಿ ಕಮ್ಮಿ ಮಾಡುವುದು ಡೈನೋದಲ್ಲಿ ಮಾಡಬಹುದಾದ ಅತಿ ಕೆಟ್ಟ ಕೆಲಸ. ಗಾಳಿ ಇಳಿದಷ್ಟೂ ಟೈರ್ ಜಾಸ್ತಿ ಬಾಗುತ್ತದೆ, ಬಾಗಿದಷ್ಟೂ ಬಿಸಿ. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಕಾರುಗಳಲ್ಲಿ ಫೈರ್‌ಸ್ಟೋನ್ ಟೈರುಗಳ ಟ್ರೆಡ್ ಕಿತ್ತುಬಂದು 200ಕ್ಕೂ ಹೆಚ್ಚು ಜನ ಸತ್ತರು, 2000ನೇ ಇಸವಿಯಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸ್ ಕರೆಸಬೇಕಾಯಿತು. ಎರಡು ಕಂಪನಿಗಳ ನಡುವಿನ ಆ ಜಗಳದಲ್ಲಿ ಮತ್ತೆ ಮತ್ತೆ ಬಂದ ವಿಷಯಗಳಲ್ಲಿ ಒಂದು, ಫೋರ್ಡ್ ಹೇಳಿದ್ದ 26 ಪಿಎಸ್‌ಐ ಕಮ್ಮಿ ಆಯಿತೇ ಅನ್ನುವುದು. ಟೈರುಗಳು ಹೆಚ್ಚು ಹೋದದ್ದೂ ಅರಿಜೋನಾ, ಟೆಕ್ಸಾಸ್, ಫ್ಲಾರಿಡಾದಂಥ ಬಿಸಿಯೂರುಗಳಲ್ಲಿ.

ಬಾಗಿಲ ಪಕ್ಕದ ಸ್ಟಿಕರ್‌ನಲ್ಲಿ ಕಾರು ತುಂಬಾ ಜನ, ಲಗೇಜ್ ಇದ್ದಾಗ ಅಂತ ಕೊಟ್ಟಿರುವ ಗಾಳಿಯನ್ನು ಟೈರ್ ತಣ್ಣಗಿದ್ದಾಗ ತುಂಬಿಸಿ. ಟೈರ್ ಮೇಲೆ ಬರೆದ ಗರಿಷ್ಠ ಮಿತಿ ದಾಟಬೇಡಿ. ಗೇಜ್ ನಂಬುವಂಥದ್ದಾಗಿರಲಿ. ಬಿಸಿಯಾದ ಮೇಲೆ ಒತ್ತಡ ಏರಿದ್ದು ನೋಡಿ ಹೆದರಿ ಗಾಳಿ ಬಿಡುವವರು ಇದ್ದಾರೆ, ದಯವಿಟ್ಟು ಬಿಡಬೇಡಿ. 25 ಡಿಗ್ರಿಯಲ್ಲಿ 33 ಪಿಎಸ್‌ಐ ಇದ್ದದ್ದು ಒಳಗಿನ ಗಾಳಿ 75 ಡಿಗ್ರಿ ಆದಾಗ ಸುಮಾರು 41 ಆಗುತ್ತದೆ, ಅದು ಸಹಜ. ಆಗ ಬಿಟ್ಟರೆ ಮುಂದಿನ ಪುಲ್‌ಗೆ ಗಾಳಿ ಕಮ್ಮಿ ಇರುವ ಟೈರ್ ಹತ್ತಿಸಿದ ಹಾಗಾಯಿತು.

ನೈಟ್ರೋಜನ್ ಹಾಕ್ಸಿದ್ರೆ ಸಿಡಿಯಲ್ಲ ಅಂತಾರೆ, ನಿಜಾನಾ?

ಮಾಮೂಲಿ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ತೇವ ಇಲ್ಲದಿರುವುದರಿಂದ ಒತ್ತಡ ಸ್ವಲ್ಪ ಸಮವಾಗಿ ಏರುತ್ತದೆ, ಅಷ್ಟೇ. ಟೈರ್ ಹೋಗುವುದು ರಬ್ಬರ್ ಬಿಸಿಯಾಗಿ. ಅದಕ್ಕೆ ಒಳಗೆ ಯಾವ ಗಾಳಿ ಇದ್ದರೂ ಒಂದೇ.

## ಪುಲ್ ನಡೆಯುವಾಗ

ಬೆಲ್ಟ್ ಆದಷ್ಟು ಬಿಗಿಯಾಗಿ ಎಳೆದ್ರೆ ಸೇಫ್ ಅಲ್ವಾ?

ಕಾರು ಅಲ್ಲಾಡದಷ್ಟು ಬಿಗಿ ಬೇಕು, ಸಸ್ಪೆನ್ಶನ್ ಕೂತುಹೋಗುವಷ್ಟು ಬೇಡ. ಮುಂದಿನ ಒಂದು ಚಕ್ರದ ಮೇಲೆ 325 ಕೆಜಿ ಇದೆ ಅಂದುಕೊಳ್ಳಿ. ಬೆಲ್ಟ್ ಇನ್ನೂ 150 ಕೆಜಿ ಕೆಳಕ್ಕೆ ಎಳೆದರೆ 475. 87 ನಂಬರಿನ ಟೈರಿಗೆ 545ರ ಮಿತಿ ಹತ್ತಿರ ಬಂದೇಬಿಟ್ಟಿತು, ಅದೂ ಗುಂಡಗಿನ ರೋಲರ್ ಮೇಲೆ. ಹಾಗಾಗಿ ಬೆಲ್ಟ್ ನೇರ ಕೆಳಕ್ಕೆ ಎಳೆಯುವುದಕ್ಕಿಂತ ಉದ್ದಕ್ಕೆ, ಮಲಗಿದ ಕೋನದಲ್ಲಿ, ಹಿಂದೆ ಮುಂದೆ ಎರಡೂ ಕಡೆ ಇರಬೇಕು. ಫ್ರಂಟ್ ವೀಲ್ ಡ್ರೈವ್ ಕಾರುಗಳು ಪಕ್ಕಕ್ಕೆ ಹರಿದಾಡುವುದು ಜಾಸ್ತಿ, ಅವಕ್ಕೆ ಅಡ್ಡ ಕೋನದ ಬೆಲ್ಟೂ ಬೇಕು, ಹಿಂದಿನ ಚಕ್ರಕ್ಕೆ ಹ್ಯಾಂಡ್‌ಬ್ರೇಕ್ ಮತ್ತು ಅಡ್ಡಗಟ್ಟೆಯೂ ಬೇಕು.

ಮೇಲಿನಿಂದ ಬೀಳುವ ಭಾರ ಟೈರಿಗೆ ಏನು ಮಾಡುತ್ತದೆ ಅಂತ ಜಗತ್ತಿಗೆ ಚೆನ್ನಾಗಿ ತೋರಿಸಿದ್ದು 2005ರ ಇಂಡಿಯಾನಾಪೊಲಿಸ್ ಫಾರ್ಮುಲಾ ಒನ್ ರೇಸ್. ಅಲ್ಲಿನ ಓರೆ ತಿರುವಿನಲ್ಲಿ ಮಿಷೆಲಿನ್ ಟೈರುಗಳು ಆ ಭಾರ ತಾಳಲಿಲ್ಲ. ಕಂಪನಿ ತಾನೇ ಈ ಟೈರ್ ಭದ್ರ ಅಂತ ಹೇಳಲು ಒಪ್ಪದೆ, 20 ಕಾರುಗಳಲ್ಲಿ 14 ರೇಸ್ ಶುರುವಾಗುವ ಮುಂಚೆಯೇ ಪಿಟ್ ಒಳಗೆ ವಾಪಸ್ ಹೋದವು. ಉಳಿದ ಆರರಲ್ಲಿ ನಮ್ಮ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ನಾಲ್ಕನೆಯವರಾಗಿ ಬಂದರು. ಲಕ್ಷಾಂತರ ಜನ ನೋಡುತ್ತಿದ್ದಾಗಲೂ ಟೈರ್ ಮೇಲೆ ಅನುಮಾನ ಬಂದರೆ ನಿಲ್ಲಿಸಿದರು. ಡೈನೋ ಹಾಲಿನಲ್ಲಿ ನಿಲ್ಲಿಸಲು ಯಾರೂ ನಾಚಿಕೊಳ್ಳಬೇಕಿಲ್ಲ.

ಹಿಂದೆ ನಿಂತು ಸೈಲೆನ್ಸರ್ ಸೌಂಡ್ ಜೊತೆ ವಿಡಿಯೋ ಮಾಡ್ಬಹುದಾ?

ಬೇಡ. ಚಕ್ರದ ಕೆಳಭಾಗ ಹಿಂದಕ್ಕೆ ಓಡುತ್ತಿರುತ್ತದೆ. ಟ್ರೆಡ್ಡಿನಿಂದ ಬಿಟ್ಟುಹೋದ ಕಲ್ಲು, ರಬ್ಬರ್ ಚೂರು, ಕಿತ್ತ ಬ್ಯಾಲೆನ್ಸ್ ತೂಕ ಎಲ್ಲ ಹೆಚ್ಚಾಗಿ ಹಿಂದಕ್ಕೆ, ಮೇಲಕ್ಕೆ ಹಾರುತ್ತವೆ. ಬಿಟ್ಟ ಕ್ಷಣದಲ್ಲಿ ಅವುಗಳ ವೇಗ ರೋಲರಿನ ವೇಗವೇ, ಅಂದರೆ 185 ಕಿ.ಮೀ. ಚಕ್ರದ ನೇರ ಪಕ್ಕದಲ್ಲೂ ನಿಲ್ಲಬೇಡಿ, ಸೈಡ್‌ವಾಲ್ ಹರಿದರೆ ಆ ಕಡೆಗೆ ಬರುತ್ತದೆ. ಕಾರಿನ ನೇರ ಮುಂದೆಯೂ ಬೇಡ, ಬೆಲ್ಟ್ ಹರಿದರೆ ಕಾರು ಆ ಕಡೆ ನುಗ್ಗುತ್ತದೆ. ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ರೆಕಾರ್ಡ್ ಒತ್ತಿ, ನೀವು ಆಪರೇಟರ್ ಕೋಣೆಯ ಒಳಗೆ ಬನ್ನಿ. ಮಕ್ಕಳನ್ನು ಹಾಲಿನೊಳಗೆ ಬಿಡಲೇಬೇಡಿ. ಒಳಗೆ ಕೋಣೆಯೇ ಇಲ್ಲದ, ಜನ ಕಾರಿನ ಸುತ್ತ ಗುಂಪುಗಟ್ಟುವ ಜಾಗದಲ್ಲಿ ಡೈನೋ ಮಾಡಿಸಬೇಡಿ, ಎಷ್ಟೇ ಅಗ್ಗವಾದರೂ.

ಟೈರ್ ಕೈಕೊಡೋ ಮುಂಚೆ ಏನಾದ್ರೂ ಸೂಚನೆ ಸಿಗತ್ತಾ?

ಎಷ್ಟೋ ಸಲ ಸಿಗುತ್ತದೆ. ಹಿಂದಿನ ಪುಲ್‌ನಲ್ಲಿ ಇಲ್ಲದ ನಡುಕ ಈಗ ಸೀಟಿಗೆ ಬರುತ್ತಿದೆ, ವೇಗದ ಜೊತೆ ಏರುವ ಧಡ್ ಧಡ್ ಸದ್ದು ಕೇಳುತ್ತಿದೆ ಅಂದರೆ ಟ್ರೆಡ್ ಒಂದು ಕಡೆ ಎದ್ದಿರಬಹುದು. ಸುಟ್ಟ ರಬ್ಬರ್ ವಾಸನೆ, ಹೊಗೆ ಬಂದರೆ ಟೈರ್ ರೋಲರ್ ಮೇಲೆ ಜಾರುತ್ತಿದೆ. ಸ್ಕ್ರೀನಿನಲ್ಲಿ ನಯವಾಗಿ ಏರುತ್ತಿದ್ದ ಪವರ್ ಗೆರೆ ಹಲ್ಲುಹಲ್ಲಾಗಿ ಬಂದರೂ ಮೊದಲು ಟೈರ್ ನೋಡಿ, ಟ್ಯೂನಿಂಗ್ ಆಮೇಲೆ. ಇದರಲ್ಲಿ ಯಾವುದು ಕಂಡರೂ ಆ ಪುಲ್ ಅಲ್ಲಿಗೇ ಬಿಟ್ಟುಬಿಡಿ. ‘ಇದೊಂದು ಮುಗಿಸಿಬಿಡೋಣ’ ಅನ್ನುವ ಮಾತು ಬೇಡ.

ಓಡ್ತಿರುವಾಗಲೇ ಸಿಡಿದ್ರೆ ಡ್ರೈವರ್ ಏನು ಮಾಡ್ಬೇಕು?

ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಕ್ಲಚ್ ಒತ್ತಿ ಇಲ್ಲವೇ ನ್ಯೂಟ್ರಲ್‌ಗೆ ಹಾಕಿ, ಸ್ಟೀರಿಂಗ್ ನೇರ ಹಿಡಿದುಕೊಳ್ಳಿ. ಬ್ರೇಕ್ ಜೋರಾಗಿ ತುಳಿಯಬೇಡಿ. ಟನ್ನುಗಟ್ಟಲೆ ತೂಕದ ರೋಲರ್ ಓಡುತ್ತಲೇ ಇರುತ್ತದೆ, ಚಕ್ರ ಒಮ್ಮೆಲೇ ನಿಂತರೆ ಅದು ಕಾರನ್ನು ಹಿಂದಕ್ಕೆ ಎಳೆಯುತ್ತದೆ, ಆ ಏಟೆಲ್ಲ ಬೆಲ್ಟಿನ ಮೇಲೆ ಬೀಳುತ್ತದೆ. ರೋಲರ್ ನಿಲ್ಲಿಸುವುದು ಆಪರೇಟರ್ ಕೆಲಸ. ರೋಲರ್ ಪೂರ್ತಿ ನಿಲ್ಲುವ ತನಕ ಬಾಗಿಲು ತೆಗೆಯಬೇಡಿ.

ಶುರು ಮಾಡುವ ಮುಂಚೆ ಆಪರೇಟರ್ ಹತ್ತಿರ ಒಂದು ಮಾತು ಕೇಳಿ: ತುರ್ತಿಗೆ ನಿಲ್ಲಿಸುವ ಕೆಂಪು ಬಟನ್ ಒತ್ತಿದರೆ ರೋಲರಿಗೆ ಬ್ರೇಕ್ ಬೀಳುತ್ತದೋ, ಇಲ್ಲ ಕರೆಂಟ್ ಹೋಗುತ್ತದೋ? ರೋಲರನ್ನು ಅಯಸ್ಕಾಂತದ ಬಲದಿಂದ ತಡೆಯುವ ಎಡ್ಡಿ ಕರೆಂಟ್ ಬ್ರೇಕ್ ವಿದ್ಯುತ್ ಇದ್ದರೆ ಮಾತ್ರ ಹಿಡಿಯುತ್ತದೆ. ಕರೆಂಟ್ ಕಡಿದರೆ ಬ್ರೇಕೂ ಹೋಯಿತು.

ಒಂದರ ಹಿಂದೆ ಒಂದು ಎಷ್ಟು ಪುಲ್ ಮಾಡ್ಬಹುದು?

ಎಷ್ಟು ಅನ್ನುವುದಕ್ಕಿಂತ ಮಧ್ಯೆ ಎಷ್ಟು ತಣ್ಣಗಾಯಿತು ಅನ್ನುವುದು ಮುಖ್ಯ. ಒಂದು ಪುಲ್ ಹತ್ತು ಹದಿನೈದು ಸೆಕೆಂಡಿನ ಕೆಲಸ. ಅದರಿಂದ ಒಳ್ಳೆ ಟೈರ್ ಹೋಗಲ್ಲ. ಟ್ಯೂನಿಂಗ್ ಮಾಡುವಾಗ ಒಂದೊಂದು ಆರ್‌ಪಿಎಂನಲ್ಲಿ ಹಿಡಿದು ನಿಲ್ಲಿಸಿ ಮ್ಯಾಪ್ ಮಾಡುತ್ತಾರಲ್ಲ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಸರಿಹೊಂದಿಸುವುದು), ನಿಮಿಷಗಟ್ಟಲೆ ಲೋಡ್ ಮೇಲೆ, ಅಪಾಯ ಬೆಳೆಯುವುದು ಅಲ್ಲಿ. ಇನ್‌ಫ್ರಾರೆಡ್ ಗನ್ ಇಟ್ಟುಕೊಂಡು ರೋಲರ್ ನಿಂತ ಮೇಲೆ ಟ್ರೆಡ್ಡನ್ನು ಅಡ್ಡಕ್ಕೆ ಮೂರು ಕಡೆ ಅಳೆಯಿರಿ. 80 ಡಿಗ್ರಿ ಕಂಡರೆ ನಾನು ಬಿಡುವು ಕೊಡುತ್ತೇನೆ. ಗನ್ ತೋರಿಸುವುದು ಮೇಲ್ಮೈಯ ಬಿಸಿ, ಸ್ಟೀಲ್ ಬೆಲ್ಟಿನ ಅಂಚಿನಲ್ಲಿ ಒಳಗೆ ಅದಕ್ಕಿಂತ ಜಾಸ್ತಿ ಇರಬಹುದು. ಬೇಸಿಗೆಯಲ್ಲಿ ಶೀಟ್ ಹೊದಿಸಿದ ಹಾಲಿನಲ್ಲಿ ಈ ಬಿಡುವು ಇನ್ನೂ ಉದ್ದ ಬೇಕು. ಟೈರ್ ಕಡೆಗೇ ಒಂದು ಫ್ಯಾನ್ ತಿರುಗಿಸಿಟ್ಟರೆ ತುಂಬಾ ಒಳ್ಳೆಯದು.

## ಇನ್ನೂ ಆಳದ ಪ್ರಶ್ನೆಗಳು

ವೇಗ ಜಾಸ್ತಿ ಆದಾಗ ಟೈರಿನಲ್ಲಿ ಅಲೆ ಏಳತ್ತೆ ಅಂತಾರೆ, ಏನದು?

ಅದು ಸ್ಟ್ಯಾಂಡಿಂಗ್ ವೇವ್. ರೋಲರ್ ಮುಟ್ಟಿದ ಜಾಗದಲ್ಲಿ ಟೈರ್ ಒಳಗೆ ಬಾಗುತ್ತದೆ, ಮುಂದಕ್ಕೆ ಹೋದಾಗ ಮತ್ತೆ ಮೊದಲಿನ ಆಕಾರಕ್ಕೆ ಬರಬೇಕು. ಅದಕ್ಕೆ ಒಂದಿಷ್ಟು ಹೊತ್ತು ಬೇಕು. ಒಂದು ವೇಗ ದಾಟಿದ ಮೇಲೆ ಆ ಹೊತ್ತೇ ಸಿಗುವುದಿಲ್ಲ. ಬಾಗಿದ್ದು ಬಾಗಿದ ಹಾಗೇ ಸುತ್ತಲೂ ಹರಡುತ್ತದೆ, ಒದ್ದೆ ಬಟ್ಟೆ ಒದರಿದಾಗ ಏಳುವ ಮಡಿಕೆಗಳ ಹಾಗೆ ಸೈಡ್‌ವಾಲ್ ಮೇಲೆ ಅಲೆ ಕಾಣುತ್ತದೆ. ಕೊಡುವ ಶಕ್ತಿಯೆಲ್ಲ ಆಗ ರಬ್ಬರ್ ಬಿಸಿ ಮಾಡಲು ಹೋಗುತ್ತದೆ. ನಿಮಿಷಗಳಲ್ಲಿ ಟ್ರೆಡ್ ಕಿತ್ತುಬರಬಹುದು. ಗಾಳಿ ಕಮ್ಮಿ ಇದ್ದರೆ ಈ ಅಲೆ ಇನ್ನೂ ಕಮ್ಮಿ ವೇಗದಲ್ಲೇ ಶುರುವಾಗುತ್ತದೆ.

ರೋಲರ್ ದೊಡ್ಡದಿದ್ರೆ ಸೇಫಾ? ಎರಡು ಚಿಕ್ಕ ರೋಲರ್ ಇರೋ ಡೈನೋ ಹೇಗೆ?

ದೊಡ್ಡದು ಒಳ್ಳೆಯದು. ಟೈರಿಗೆ ಅದು ರಸ್ತೆಗೆ ಹತ್ತಿರ. ಟೈರ್ ಕಂಪನಿಗಳೂ ತಮ್ಮ ವೇಗದ ಪರೀಕ್ಷೆಯನ್ನು ಡ್ರಮ್ ಮೇಲೆಯೇ ಮಾಡುವುದು. ವಿಶ್ವಸಂಸ್ಥೆಯ ಆರ್30 ನಿಯಮದಲ್ಲಿ ಆ ಡ್ರಮ್ 1.7 ಮೀಟರ್ ಅಥವಾ 2 ಮೀಟರ್ ಅಡ್ಡಳತೆ. ಚಿಕ್ಕ ಡ್ರಮ್ ಬಳಸಿದರೆ ಪರೀಕ್ಷೆಯ ವೇಗವನ್ನು 10 ಕಿ.ಮೀ. ಕಮ್ಮಿ ಮಾಡಲು ಅದೇ ನಿಯಮ ಬಿಡುತ್ತದೆ. ಬರೀ 30 ಸೆಂ.ಮೀ. ವ್ಯತ್ಯಾಸಕ್ಕೆ ಇಷ್ಟು ಬೆಲೆ ಕೊಟ್ಟಿದ್ದಾರೆ ನೋಡಿ. ಟ್ಯೂನಿಂಗ್ ಗ್ಯಾರೇಜುಗಳ ರೋಲರ್ ಇದಕ್ಕಿಂತಲೂ ಚಿಕ್ಕದು, 61 ಸೆಂ.ಮೀ., 122 ಸೆಂ.ಮೀ. ಇಂಥವು. ಅಮೆರಿಕದ ಹೊಗೆ ಪರೀಕ್ಷೆಗೆ ಹಿಂದೆ ಬಳಸುತ್ತಿದ್ದ ಜೋಡಿ ರೋಲರ್ ಅಡ್ಡಳತೆ ಬರೀ 22 ಸೆಂ.ಮೀ. ಇತ್ತು, ಆಮೇಲೆ 122ರ ಒಂದೇ ರೋಲರ್‌ಗೆ ಹೋದರು.

ಜೋಡಿ ರೋಲರ್‌ನಲ್ಲಿ ಟೈರ್ ಒಂದು ಸುತ್ತಿಗೆ ಎರಡು ಸಲ ಬಾಗುತ್ತದೆ, ಬಿಸಿಯೂ ಹಾಗೇ ಏರುತ್ತದೆ. ಅಂಥ ಡೈನೋದಲ್ಲಿ ಪುಲ್ ಚಿಕ್ಕದಿರಲಿ, ಬಿಡುವು ದೊಡ್ಡದಿರಲಿ.

ಮೂರನೇ ಗೇರಲ್ಲಿ ಮಾಡಿದ್ರೆ ವೇಗ ಕಮ್ಮಿ ಆಗತ್ತಲ್ವಾ? ಎಲ್ಲರೂ ನಾಲ್ಕೇ ಯಾಕೆ?

ಆಗುತ್ತದೆ. ಮೂರನೇ ಗೇರ್ 1.35 ಇದ್ದರೆ 185 ಇದ್ದದ್ದು 137ಕ್ಕೆ ಇಳಿಯುತ್ತದೆ. ಟೈರಿಗೆ ಅದು ದೊಡ್ಡ ಉಪಕಾರ. ಆದರೆ ಚಕ್ರಕ್ಕೆ ಬರುವ ಟಾರ್ಕ್ ಅಷ್ಟೇ ಪಾಲು ಜಾಸ್ತಿಯಾಗುತ್ತದೆ, ಟರ್ಬೋ ಕಾರುಗಳು ರೋಲರ್ ಮೇಲೆ ಜಾರಲು ಶುರು ಮಾಡುತ್ತವೆ, ಜಾರಿದರೆ ರೀಡಿಂಗೂ ಸುಳ್ಳು, ಟೈರೂ ಸುಡುತ್ತದೆ. ಜೊತೆಗೆ ನಾಲ್ಕನೇ ಗೇರ್ 1:1ರ ಹತ್ತಿರ ಇರುವುದರಿಂದ ಒಬ್ಬರ ಗ್ರಾಫ್ ಇನ್ನೊಬ್ಬರದರ ಜೊತೆ ಹೋಲಿಸಲು ಸುಲಭ ಅಂತ ರೂಢಿಯಾಗಿದೆ. ಟಿ ದರ್ಜೆಯ ಟೈರ್ ಇರುವ, ಟರ್ಬೋ ಇಲ್ಲದ ಸಣ್ಣ ಕಾರಿಗೆ ನಾನು ಮೂರನೇ ಗೇರನ್ನೇ ಹೇಳುತ್ತೇನೆ. ಟ್ಯೂನಿಂಗ್‌ಗೆ ಮೊದಲಿನ, ಆಮೇಲಿನ ಪುಲ್ ಎರಡೂ ಒಂದೇ ಗೇರಿನಲ್ಲಿ ಇದ್ದರೆ ಸಾಕು.

ಡ್ರ್ಯಾಗ್ ಟೈರ್ ಹಾಕ್ಕೊಂಡು ಬಂದ್ರೆ ಜಾರಲ್ಲ ಅಲ್ವಾ?

ಜಾರುವುದು ಕಮ್ಮಿ ಆಗಬಹುದು, ಅಪಾಯ ಜಾಸ್ತಿ. ಡ್ರ್ಯಾಗ್, ಅಂದರೆ ಚಿಕ್ಕ ನೇರ ಓಟದ ರೇಸಿಗೆ ಮಾಡಿದ ಆ ಟೈರುಗಳ ರಬ್ಬರ್ ಮೆತ್ತಗೆ, ಸೈಡ್‌ವಾಲ್ ತೆಳು. ಕಮ್ಮಿ ಗಾಳಿಯಲ್ಲಿ, ಕೆಲವೇ ಸೆಕೆಂಡಿನ ಓಟಕ್ಕೆ ಮಾಡಿದ್ದು. ಬಯಾಸ್ ಪ್ಲೈ ಸ್ಲಿಕ್ (ಒಳದಾರ ಓರೆಯಾಗಿ ಹಾಕಿದ, ಟ್ರೆಡ್ ಗೆರೆ ಇಲ್ಲದ ಟೈರ್) ಆದರೆ ವೇಗಕ್ಕೆ ಸರಿಯಾಗಿ ಉಬ್ಬಿ ಎತ್ತರವೇ ಬದಲಾಗುತ್ತದೆ, ಆಗ ಲೆಕ್ಕ ಹಾಕಿದ ವೇಗವೂ ತಪ್ಪು. ರೋಲರ್ ಮೇಲೆ ವಿ ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಒಳ್ಳೆ ರಸ್ತೆ ಟೈರ್ ಹಾಕಿ, ಟ್ರ್ಯಾಕಿಗೆ ಹೋಗಿ ಬದಲಿಸಿಕೊಳ್ಳಿ.

ನಾಲ್ಕು ಚಕ್ರನೂ ಓಡೋ ಕಾರಿಗೆ ಎರಡು ಮಾತ್ರ ಹೊಸ ಟೈರ್ ಹಾಕಿದೀನಿ. ತೊಂದ್ರೆನಾ?

ಹೌದು. ಹೊಸದಕ್ಕೂ ಹಳೆಯದಕ್ಕೂ ಟ್ರೆಡ್ಡಿನಲ್ಲಿ 2 ಮಿ.ಮೀ. ವ್ಯತ್ಯಾಸ ಇದ್ದರೆ ಅಡ್ಡಳತೆಯಲ್ಲಿ 4 ಮಿ.ಮೀ. ಆಯಿತು, ಅಂದರೆ ಶೇಕಡಾ 0.6ರಷ್ಟು. ಮುಂದಿನ ಹಿಂದಿನ ರೋಲರ್ ಒಂದಕ್ಕೊಂದು ಜೋಡಿಸಿದ್ದರೆ ಈ ವ್ಯತ್ಯಾಸವೆಲ್ಲ ಟೈರ್ ಜಾರಿಯೇ ತೀರಬೇಕು, ಇಲ್ಲವೇ ಮುಂದಿನ ಹಿಂದಿನ ಚಕ್ರಗಳ ವೇಗದ ವ್ಯತ್ಯಾಸ ಸರಿದೂಗಿಸುವ ಮಧ್ಯದ ಡಿಫರೆನ್ಶಿಯಲ್ ಅದನ್ನು ತಾಳಬೇಕು. ನಾಲ್ಕೂ ಒಂದೇ ಮಾದರಿ, ಒಂದೇ ಸವೆತ, ಒಂದೇ ಗಾಳಿ ಇರಲಿ.

ಹಬ್ ಡೈನೋ ಇದ್ರೆ ಈ ಗೋಳೇ ಇಲ್ಲ ಅಲ್ವಾ?

ಟೈರಿನ ಗೋಳು ಇಲ್ಲ, ನಿಜ. ನ್ಯೂಜಿಲೆಂಡಿನ ಡೈನಾಪ್ಯಾಕ್, ಸ್ವೀಡನ್ನಿನ ರೋಟೋಟೆಸ್ಟ್ ಇಂಥವುಗಳಲ್ಲಿ ಚಕ್ರ ಬಿಚ್ಚಿ, ಚಕ್ರ ಕೂರುವ ಹಬ್‌ಗೇ ಯಂತ್ರ ಜೋಡಿಸುತ್ತಾರೆ. ಜಾರುವುದಿಲ್ಲ, ಸಿಡಿಯುವುದಿಲ್ಲ. ಜಾಸ್ತಿ ಪವರಿನ ಕಾರು, ಉದ್ದದ ಮ್ಯಾಪಿಂಗ್ ಕೆಲಸ ಇದ್ದರೆ ನಾನು ಕಣ್ಣು ಮುಚ್ಚಿ ಇದನ್ನೇ ಆರಿಸುತ್ತೇನೆ. ಆದರೆ ಅಡಾಪ್ಟರಿನ ನಟ್ ಟಾರ್ಕ್ ರೆಂಚಿನಿಂದಲೇ ಬಿಗಿದಿದ್ದಾರಾ ಅಂತ ನಿಂತು ನೋಡಿ.

ಏನಾದ್ರೂ ಆದ್ರೆ ಇನ್ಶೂರೆನ್ಸ್ ಸಿಗತ್ತಾ?

ನಂಬಿಕೊಂಡು ಕೂರಬೇಡಿ. ನಮ್ಮ ದೇಶದ ಖಾಸಗಿ ಕಾರ್ ಪಾಲಿಸಿಯಲ್ಲಿ ಬಳಕೆಯ ಮಿತಿ ಅಂತ ಒಂದು ಸಾಲು ಇರುತ್ತದೆ. ಸಂಘಟಿತ ರೇಸ್, ವೇಗದ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ ಅದರ ಹೊರಗೆ. ಡೈನೋ ಇದರಲ್ಲಿ ಬರುತ್ತದೋ ಇಲ್ಲವೋ ಅಂತ ನಿಮ್ಮ ಕಂಪನಿಯನ್ನು ಬರಹದಲ್ಲೇ ಕೇಳಿ. ಗ್ಯಾರೇಜಿನವರು ಸಹಿ ಹಾಕಿಸುವ ಕಾಗದವನ್ನೂ ಪೂರ್ತಿ ಓದಿ, ಟೈರ್ ಹೊಣೆ ಯಾರದು ಅಂತ ಅದರಲ್ಲಿ ಬರೆದಿರುತ್ತದೆ.

ಡೈನೋ ಮುಗಿಸ್ಕೊಂಡು ಅದೇ ಟೈರಲ್ಲಿ ಹಾಗೇ ಮೈಸೂರಿಗೆ ಹೋಗ್ಬಹುದಾ?

ಹೋಗಬಹುದು, ಹೊರಡುವ ಮುಂಚೆ ಮತ್ತೊಮ್ಮೆ ನೋಡಿದ್ದರೆ. ಬೆಲ್ಟ್ ಬಿಚ್ಚಿದ ಮೇಲೆ ಅರ್ಧ ಗಂಟೆ ನಿಲ್ಲಿಸಿ. ಟ್ರೆಡ್ ಮೇಲೆ ಅಂಗೈ ಸವರಿ, ಗಂಟು, ಎದ್ದ ಅಂಚು, ಕಿತ್ತ ಚೂರು ಇದೆಯಾ ನೋಡಿ. ರೋಲರಿನ ಗೀರುಗಳಿಂದ ಟ್ರೆಡ್ ಸ್ವಲ್ಪ ಒರಟಾಗಿರುವುದು, ರಬ್ಬರ್ ಪುಡಿ ಅಂಟಿರುವುದು ಮಾಮೂಲಿ. ಒಂದು ಜಾಗ ಮಾತ್ರ ನೀಲಿ ಛಾಯೆಗೆ ತಿರುಗಿ ನುಣುಪಾಗಿದ್ದರೆ ಅಲ್ಲಿ ಅತಿಯಾಗಿ ಬಿಸಿಯಾಗಿದೆ. ಒಳಪಕ್ಕ ನೋಡಿ, ನಟ್‌ಗಳನ್ನು ಮತ್ತೆ ಟಾರ್ಕ್ ಮಾಡಿಸಿ. ಮೊದಲ ಕೆಲವು ಕಿಲೋಮೀಟರ್ 60ರ ಒಳಗೆ ಹೋಗಿ, ಸ್ಟೀರಿಂಗಿನಲ್ಲಿ ಹೊಸ ನಡುಕ ಸಿಕ್ಕರೆ ಪಕ್ಕಕ್ಕೆ ನಿಲ್ಲಿಸಿ ಸ್ಟೆಪ್ನಿ ಹಾಕಿಕೊಳ್ಳಿ. ಮಾರನೇ ದಿನ ಬೆಳಗ್ಗೆ ತಣ್ಣಗಿರುವಾಗ ಗಾಳಿ ಚೆಕ್ ಮಾಡಿ. ಒಂದು ಟೈರಿನಲ್ಲಿ ಮಾತ್ರ ಇಳಿದಿದ್ದರೆ ಬಿಚ್ಚಿಸಿ ಒಳಗಡೆ ತೋರಿಸಿ.